ಗಡ್ಡೆಯ ಕಸ ಗಡ್ಡೆಯಲ್ಲೇ ಗೊಬ್ಬರವಾಗಲಿ

ಹೊಳೆ ನಡುವಿನ ಗಡ್ಡೆಯಲ್ಲಿ ಊರವರೆಲ್ಲ ಸೇರಿ ಕಾಂಪೋಸ್ಟ್ ಮಾಡುವುದಾದರೆ ಮೊದಲು ಹೊಳೆಯ ಲೆಕ್ಕ ಹಾಕಬೇಕು. ಗಂಗಾವತಿ ಭಾಗದ ವಿರೂಪಾಪುರ ಗಡ್ಡೆಯನ್ನೇ ನೋಡಿ. ತುಂಗಭದ್ರಾ ಜಲಾಶಯದಿಂದ ಹೆಚ್ಚು ನೀರು ಬಿಟ್ಟರೆ ದಾರಿಯೇ ಕಡಿದುಹೋಗುತ್ತದೆ. 2019ರ ಆಗಸ್ಟ್‌ನಲ್ಲಿ ಅಲ್ಲಿ ಸಿಕ್ಕಿಕೊಂಡ ನೂರಾರು ಪ್ರವಾಸಿಗರನ್ನು ದೋಣಿ, ಹೆಲಿಕಾಪ್ಟರ್‌ಗಳಲ್ಲಿ ಹೊರತರಬೇಕಾಯಿತು. ಇಂಥ ಕಡೆ ಗುಂಡಿ ತೋಡಿದರೆ ಮಳೆಗಾಲದಲ್ಲಿ ನೀರು ನಿಂತು, ಕೊಳೆತ ರಸವೆಲ್ಲ ಹೊಳೆ ಸೇರುತ್ತದೆ. ಇಲ್ಲಿನ ಹೊಳೆಯ ಪಾತ್ರ 2015ರಿಂದ ನೀರುನಾಯಿ ಸಂರಕ್ಷಿತ ಪ್ರದೇಶವೂ ಹೌದು. ಆದ್ದರಿಂದ ನೆಲದ ಮೇಲೆ ಚೌಕ ಕಟ್ಟಿ, ಜನವರಿಯಲ್ಲಿ ತುಂಬಿ, ಮೇ ಮುಗಿಯುವುದರೊಳಗೆ ಖಾಲಿ ಮಾಡಿ.

ಜಾಗ: ಹಳೆಯ ನೆರೆ ಎಲ್ಲಿಯವರೆಗೆ ಬಂದಿತ್ತು ಎಂದು ಹಿರಿಯರನ್ನು ಕೇಳಿ, ಅದಕ್ಕಿಂತ ಎತ್ತರದಲ್ಲಿ, ನೆರಳಿರುವ ಕಡೆ ಆರಿಸಿ. ಗ್ರಾಮ ಪಂಚಾಯಿತಿಗೆ ತಿಳಿಸಿ. ವಿರೂಪಾಪುರ ಗಡ್ಡೆ ಹಂಪಿ ಪರಂಪರೆ ಪ್ರದೇಶದಲ್ಲಿದೆ. ಸುಪ್ರೀಂ ಕೋರ್ಟ್ ತೀರ್ಪಿನ ನಂತರ 2020ರಲ್ಲಿ ಇಲ್ಲಿನ ರೆಸಾರ್ಟ್‌ಗಳನ್ನು ಕೆಡವಿದ್ದು ನೆನಪಿರಲಿ. ಅದಕ್ಕೇ ಇಟ್ಟಿಗೆ, ಸಿಮೆಂಟಿನ ಗೋಡೆ ಎಬ್ಬಿಸದೆ ಗೂಟ ನೆಟ್ಟು, ಗಾಳಿಯಾಡುವಂತೆ ಬಿದಿರಿನ ಗಳ ಕಟ್ಟಿ. ಅಳತೆ 10 ಅಡಿ ಉದ್ದ, 6 ಅಡಿ ಅಗಲ, 3 ಅಡಿ ಎತ್ತರ.

ಈ ಅಳತೆ ನಾಡೆಪ್ ಪದ್ಧತಿಯದು. ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯ ಎನ್.ಡಿ. ಪಾಂಢರಿಪಾಂಡೆ ರೂಪಿಸಿದ್ದು. ಸಗಣಿ ಕಡಿಮೆ ಸಾಕಾಗುವುದು ಇದರ ದೊಡ್ಡ ಗುಣ. ದನ ಕಡಿಮೆಯಾಗಿರುವ ಊರುಗಳಿಗೆ ಇದೇ ಸರಿ ಎಂಬುದು ನನ್ನ ಅಭಿಪ್ರಾಯ.

ಸಾಮಗ್ರಿ: ಗಂಗಾವತಿ ಸೀಮೆಯಲ್ಲಿ ಭತ್ತದ ಹುಲ್ಲಿಗೇನು ಬರ? ದಯವಿಟ್ಟು ಬೆಂಕಿ ಹಚ್ಚಬೇಡಿ, ಕೂಡಿಡಿ. ಬಾಳೆ ದಿಂಡನ್ನು ಕುಡುಗೋಲಿನಿಂದ ಗೇಣುದ್ದ ಕೊಚ್ಚಿ ಎರಡು ದಿನ ಬಾಡಿಸಿ. ಹಸಿಯಾಗಿ ಹಾಕಿದರೆ ನೀರೊಡೆದು ನಾರುತ್ತದೆ. ತರಕಾರಿ ಸಿಪ್ಪೆ, ಉದುರೆಲೆ, ಪೂಜೆಯ ಹೂ ಎಲ್ಲ ಆದೀತು. ಪ್ಲಾಸ್ಟಿಕ್, ಎಣ್ಣೆ ಪದಾರ್ಥ, ಮಾಂಸ ಬೇಡ.

ತುಂಬುವುದು: ಎರಡೇ ದಿನದಲ್ಲಿ ಮುಗಿಯಬೇಕು, ಅದಕ್ಕೇ ಊರವರ ಕೈ ಬೇಕು. ಆರು ಇಂಚು ಕಸ, ಅದರ ಮೇಲೆ 4 ಕೆ.ಜಿ. ಸಗಣಿ ಕದಡಿದ 125–150 ಲೀಟರ್ ನೀರು, ಮೇಲೆ ಜರಡಿ ಹಿಡಿದ 50–60 ಕೆ.ಜಿ. ಮಣ್ಣು. ಹೀಗೇ ಪದರ ಮೇಲೆ ಪದರ ಹಾಕುತ್ತ ಚೌಕದ ಅಂಚಿಗಿಂತ ಒಂದೂವರೆ ಅಡಿ ಮೇಲೆ ಗುಡಿಸಲಿನಂತೆ ಏರಿಸಿ, ಮಣ್ಣು ಸಗಣಿ ಕಲಸಿ ಮೂರು ಇಂಚು ಮೆತ್ತಿ. ಮಂಗಗಳ ಕಾಟಕ್ಕೂ ಇದೇ ಮದ್ದು. ಎರಡು, ಮೂರು ವಾರದಲ್ಲಿ ರಾಶಿ ಕುಸಿಯುತ್ತದೆ. ಮತ್ತೆ ತುಂಬಿ ಮೆತ್ತಿ.

ನಿಗಾ: ವಾರಕ್ಕೊಮ್ಮೆ ಹಾರೆ ಚುಚ್ಚಿ, ಹತ್ತು ನಿಮಿಷ ಬಿಟ್ಟು ತೆಗೆದು ಮುಟ್ಟಿ. ಕೈ ಸುಡುವಂತಿದ್ದರೆ ಒಳಗೆ ಕೆಲಸ ನಡೆದಿದೆ. ಒಂದು ಹಿಡಿ ತೆಗೆದು ಹಿಂಡಿ: ಬೆರಳ ಸಂದಿಯಲ್ಲಿ ಒಂದೆರಡು ಹನಿ ಒಸರಿದರೆ ಹದ, ಧಾರೆಯಾದರೆ ಒಣ ಹುಲ್ಲು ಸೇರಿಸಿ, ಉದುರಿದರೆ ನೀರು ಚಿಮುಕಿಸಿ. ಮಣ್ಣಿನ ಮೆತ್ತು ಬಿರುಕು ಬಿಟ್ಟರೆ ಸಗಣಿ ನೀರು ಬಳಿಯಿರಿ. 90ರಿಂದ 120 ದಿನಕ್ಕೆ ಕಂದು ಬಣ್ಣ ಬಂದು, ಮೊದಲ ಮಳೆಯ ಮಣ್ಣಿನ ವಾಸನೆ ಬರುತ್ತದೆ.

ಪಾಲು: ಇಂಥ ಒಗ್ಗಟ್ಟು ಮುರಿಯುವುದು ಹೆಚ್ಚಾಗಿ ಇಲ್ಲೇ. ಯಾರಿಗೆ ಎಷ್ಟು ಬುಟ್ಟಿ ಎಂದು ತುಂಬುವ ಮೊದಲೇ ಎಲ್ಲರೆದುರು ಬರೆದಿಡಿ. ಹೊಲವಿಲ್ಲದ ಮನೆಯವರೂ ಕಸ ಕೊಟ್ಟಿರುತ್ತಾರೆ, ಮಣ್ಣು ಹೊತ್ತಿರುತ್ತಾರೆ. ಅವರ ಪಾಲಿನ ಗೊಬ್ಬರಕ್ಕೆ ಬೆಲೆ ಕಟ್ಟಿ ಹಣ ಕೊಡಿ.

ಐದು ಮನೆಯವರು ಒಪ್ಪಿದರೂ ಒಂದು ಚೌಕ ತುಂಬುತ್ತದೆ. ಈ ಸಲದ ಭತ್ತ ಕೊಯ್ದ ಕೂಡಲೇ ಹುಲ್ಲು ಎತ್ತಿಡಿ.