ರಿಪೋರ್ಟ್ ನಾರ್ಮಲ್, ಆದರೆ ಮೈ ಇನ್ನೂ ಬೆಚ್ಚುತ್ತದೆ

ಪ್ರಶ್ನೆ: ನನಗೆ 38 ವರ್ಷ. ಹುಬ್ಬಳ್ಳಿಯ ನವನಗರದಲ್ಲಿ ಮನೆ, ಧಾರವಾಡದಲ್ಲಿ ಶಿಕ್ಷಕಿ. ಹೋದ ವರ್ಷ ಬೈಪಾಸಿನಲ್ಲಿ ನಮ್ಮ ಕಾರಿಗೆ ಲಾರಿ ಹೊಡೆಯಿತು. ಮುರಿದ ಭುಜ ಕೂಡಿದೆ. ಆದರೆ ಲಾರಿ ಹಾರ್ನ್ ಕೇಳಿದರೆ ಈಗಲೂ ಎದೆ ಝಲ್ ಎನ್ನುತ್ತದೆ, ಕೈ ತಣ್ಣಗಾಗುತ್ತದೆ. ರಾತ್ರಿ ಅದೇ ಕನಸು, ಕುತ್ತಿಗೆ ಸದಾ ಬಿಗಿ. ಇಸಿಜಿ, ಎಂಆರ್‌ಐ ನಾರ್ಮಲ್. ಅಂಜಿಕೆ ಹೋಗಲೆಂದು ಅತ್ತೆಯವರು ತಾಯಿತ ಕಟ್ಟಿಸಿದ್ದಾರೆ. ಮನೆಯವರು “ಎಲ್ಲಾ ಬರೊಬ್ಬರಿ ಐತಿ ಅಂತ ಡಾಕ್ಟರ್ ಹೇಳ್ಯಾರ, ಮರತುಬಿಡು” ಅಂತಾರೆ. ಕೌನ್ಸೆಲಿಂಗಿಗೆ ಹೋದರೆ ಬಾಯಿ ಒಣಗಿ ಮಾತೇ ಹೊರಡಲಿಲ್ಲ. ದೇಹದ ಮೂಲಕ ಮಾಡುವ ಚಿಕಿತ್ಸೆ ಇದೆಯಂತೆ, ನಿಜವೇ?

ಉತ್ತರ: ನಿಜ. ಅದಕ್ಕೂ ಮೊದಲು ಒಂದು ಮಾತು. ರಿಪೋರ್ಟ್ ನಾರ್ಮಲ್ ಇದ್ದ ಮಾತ್ರಕ್ಕೆ ನಿಮ್ಮ ತೊಂದರೆ ಸುಳ್ಳಾಗುವುದಿಲ್ಲ. 2021ರ ಜನವರಿಯಲ್ಲಿ ಅದೇ ಬೈಪಾಸಿನ ಇಟ್ಟಿಗಟ್ಟಿ ಬಳಿ ದಾವಣಗೆರೆಯ ಗೆಳತಿಯರ ವಾಹನ ಅಪಘಾತಕ್ಕೀಡಾದಾಗ ಇಡೀ ರಾಜ್ಯ ಮರುಗಿತು. ಸತ್ತವರನ್ನು ನಾವು ಎಣಿಸುತ್ತೇವೆ. ಬದುಕುಳಿದು ಹಾರ್ನಿಗೆ ಬೆಚ್ಚುವವರನ್ನು ಯಾರೂ ಎಣಿಸುವುದಿಲ್ಲ.

ಅಪಾಯ ಕಂಡಾಗ ಮಿದುಳು ಅಡ್ರಿನಲಿನ್ ಹರಿಸಿ ಮೈಯನ್ನು ಓಟಕ್ಕೆ ಅಣಿಗೊಳಿಸುತ್ತದೆ. ಹೃದಯ ಜೋರಾಗುತ್ತದೆ, ಸ್ನಾಯುಗಳು ಬಿಗಿಯುತ್ತವೆ, ಅಂಗೈಯ ರಕ್ತನಾಳ ಕುಗ್ಗಿ ಕೈ ತಣ್ಣಗಾಗುತ್ತದೆ. ಅಪಾಯ ಮುಗಿದ ಮೇಲೂ ನಿಮ್ಮ ಮಿದುಳು ಹಾರ್ನನ್ನೇ ಅಪಾಯವೆಂದು ಓದುತ್ತಿದೆ. ಭಯ ಹೀಗೆ ಏರಿದಾಗ ಮಾತು ಜೋಡಿಸುವ ಶಕ್ತಿಯೂ ಕುಗ್ಗುತ್ತದೆ. ಕೌನ್ಸೆಲಿಂಗಿನಲ್ಲಿ ಆದದ್ದು ಇದೇ. “ಮರತುಬಿಡು” ಎಂಬ ಮಾತು ಮೈಯ ಈ ಭಯದವರೆಗೆ ಇಳಿಯುವುದೇ ಇಲ್ಲ.

ದೇಹವನ್ನೂ ಸೇರಿಸಿಕೊಳ್ಳುವ ಚಿಕಿತ್ಸಕರು ಮೊದಲ ದಿನ ಅಪಘಾತದ ಸುದ್ದಿಯನ್ನೇ ಎತ್ತದಿರಬಹುದು. ಪಾದ ನೆಲಕ್ಕೆ ಊರಿದ್ದು, ಬೆನ್ನು ಕುರ್ಚಿಗೆ ತಾಗಿದ್ದು ಗೊತ್ತಾಗುತ್ತಿದೆಯೇ ಎಂದು ಕೇಳುತ್ತಾರೆ. ಆಮೇಲೊಂದು ದಿನ, ಹಾರ್ನಿನ ನೆನಪನ್ನು ಒಂದೇ ಕ್ಷಣ ತಂದುಕೊಳ್ಳಿ ಎನ್ನುತ್ತಾರೆ. ಭುಜ ಕಿವಿಯ ಕಡೆ ಏರುತ್ತದೆ, ಮುಷ್ಟಿ ಬಿಗಿಯುತ್ತದೆ. ಅಲ್ಲಿಗೆ ನಿಲ್ಲಿಸಿ ಮತ್ತೆ ಪಾದದ ಕಡೆಗೆ, ಕಿಟಕಿಯಾಚೆಯ ಮರದ ಕಡೆಗೆ ಗಮನ. ಭುಜ ತಾನಾಗಿ ಇಳಿಯುವವರೆಗೂ ಇಬ್ಬರೂ ಕಾಯುತ್ತಾರೆ. ಏರಿದ್ದು ಇಳಿಯುತ್ತದೆ ಎಂಬುದು ಮೈಗೇ ಅನುಭವಕ್ಕೆ ಬರಬೇಕು. ಆಗ ಮಾತು ಬರುತ್ತದೆ, ಬರದಿದ್ದರೂ ಅವಸರವಿಲ್ಲ.

ಪೀಟರ್ ಲೆವೀನ್ ರೂಪಿಸಿದ ಸೊಮ್ಯಾಟಿಕ್ ಎಕ್ಸ್‌ಪೀರಿಯೆನ್ಸಿಂಗ್ ಇಂಥದ್ದು. ಆದರೆ ಹೆಚ್ಚು ಪುರಾವೆ ಇರುವುದು ಆಲೋಚನೆ, ವರ್ತನೆಗಳನ್ನು ಬದಲಿಸುವ, ಆಘಾತಕ್ಕೆಂದೇ ರೂಪಿಸಿದ ಸಿಬಿಟಿ ಮತ್ತು ಕಣ್ಣಿನ ಚಲನೆ ಬಳಸುವ ಇಎಂಡಿಆರ್‌ಗೆ. ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಇವೆರಡನ್ನೂ ಶಿಫಾರಸು ಮಾಡಿತು. ಅಮೆರಿಕದಲ್ಲಿ ಬೆಸೆಲ್ ವ್ಯಾನ್ ಡರ್ ಕೋಲ್ಕ್ ತಂಡ 64 ಮಹಿಳೆಯರ ಮೇಲೆ ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 10 ವಾರ ಯೋಗ ಮಾಡಿದವರಲ್ಲಿ ಶೇ 52 ಮಂದಿಗೆ ಆಘಾತದ ನಂತರದ ಒತ್ತಡದ ಕಾಯಿಲೆಯಾದ ಪಿಟಿಎಸ್‌ಡಿ ಲಕ್ಷಣಗಳು ರೋಗದ ಮಟ್ಟದಿಂದ ಕೆಳಗಿಳಿದವು. ಆರೋಗ್ಯ ಶಿಕ್ಷಣವಷ್ಟೇ ಪಡೆದವರಲ್ಲಿ ಇದು ಶೇ 21.

ಹಾಗೆಂದು ಓಣಿಯ ಯಾವುದೋ ಯೋಗ ಕ್ಲಾಸಿಗೆ ನಾಳೆಯೇ ಸೇರಬೇಡಿ. ಆ ಅಧ್ಯಯನದ ಯೋಗದಲ್ಲಿ ಪ್ರತಿ ಭಂಗಿಯೂ ಆಯ್ಕೆಗೆ ಬಿಟ್ಟದ್ದು. ಆಘಾತ ಅನುಭವಿಸಿದವರಿಗೆ ಕಣ್ಣು ಮುಚ್ಚಿ ಶವಾಸನದಲ್ಲಿ ಮಲಗುವುದು, ಕಪಾಲಭಾತಿಯ ವೇಗದ ಉಸಿರು, ಕೇಳದೆ ಬೆನ್ನು ಮುಟ್ಟಿ ತಿದ್ದುವ ಗುರು, ಇವೇ ಭಯ ಕೆರಳಿಸಬಹುದು. ಅಪಘಾತದ ಹೊತ್ತಿನಲ್ಲಿ ಏನೂ ನಿಮ್ಮ ಕೈಯಲ್ಲಿರಲಿಲ್ಲ. ಚಿಕಿತ್ಸೆಯಲ್ಲಿ ಎಲ್ಲವೂ ನಿಮ್ಮ ಕೈಯಲ್ಲಿರಬೇಕು. “ಇವತ್ತು ಬ್ಯಾಡ್ರಿ” ಎಂದರೆ ಒಪ್ಪುವವರೇ ಸರಿಯಾದ ಚಿಕಿತ್ಸಕರು.

ಸದ್ಯಕ್ಕೆ ಧಾರವಾಡಕ್ಕೆ ಚಿಗರಿ ಬಸ್ಸಿನಲ್ಲಿ ಹೋಗುವಾಗ ಹಾರ್ನ್ ಕೇಳಿ ಎದೆ ಬಡಿದುಕೊಂಡರೆ, ಕಣ್ಣು ತೆರೆದೇ ಇಡಿ. ಪಾದಗಳಿಂದ ನೆಲ ಒತ್ತಿ, ಉಸಿರನ್ನು ಒಳಗೆಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಬಿಡಿ, ಕಾಣುವ ಅಂಗಡಿ ಬೋರ್ಡುಗಳನ್ನು ಮನಸ್ಸಿನಲ್ಲೇ ಓದಿ. ತಾಯಿತ ಕಟ್ಟಿದ ಅತ್ತೆಯವರೊಡನೆ ಜಗಳ ಬೇಡ, ನಿಮಗೆ ಅಂಜಿಕೆ ಇದೆ ಎಂದು ಮನೆಯಲ್ಲಿ ಒಪ್ಪಿಕೊಂಡವರು ಅವರೊಬ್ಬರೇ. ಅವರನ್ನೇ ಜೊತೆಗೆ ಕರೆದುಕೊಂಡು ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹೋಗಿ. 1845ರಿಂದ ಇರುವ ಈ ಆಸ್ಪತ್ರೆಗೆ ಜನ “ಹುಚ್ಚರ ಆಸ್ಪತ್ರೆ” ಎಂದು ಹೆಸರಿಟ್ಟು ಎಷ್ಟೋ ಮಂದಿಯನ್ನು ಬಾಗಿಲಲ್ಲೇ ತಡೆದಿದ್ದಾರೆ. ನಿಮ್ಮಂಥ ತೊಂದರೆಗೂ ಅದು ಇರುವುದು.

ಪ್ರಶ್ನೆ: ನನ್ನ ತಮ್ಮನಿಗೆ 22. ಹೊಡೆತ ತಿಂದ ಘಟನೆಯ ನಂತರ ಮಂಕಾಗಿದ್ದಾನೆ. ಮನೋವೈದ್ಯರ ಮಾತ್ರೆ ನಡೆದಿದೆ. ಮೈ ನಡುಗಿಸಿ, ಅಳಿಸಿ, ಎರಡು ದಿನದಲ್ಲಿ ಆಘಾತ ಹೊರಹಾಕುವ ಶಿಬಿರವಿದೆಯಂತೆ. ಕಳಿಸಲೇ?
– ಸಪ್ತಾಪುರ, ಧಾರವಾಡ

ಉತ್ತರ: ಕಳಿಸಬೇಡಿ. ಎರಡು ದಿನದ ಅಬ್ಬರದಲ್ಲಿ ಅತ್ತು ಮನೆಗೆ ಬಂದವನನ್ನು ಮೂರನೆಯ ರಾತ್ರಿ ನೋಡಿಕೊಳ್ಳುವವರು ಯಾರು? ದೇಹದ ಚಿಕಿತ್ಸೆ ಯಾರೇ ಮಾಡಲಿ, ಅವರು ಕ್ಲಿನಿಕಲ್ ಸೈಕಾಲಜಿ ಅಥವಾ ಮನೋವೈದ್ಯಶಾಸ್ತ್ರ ಓದಿದವರೇ, ಆಘಾತ ಚಿಕಿತ್ಸೆಯ ತರಬೇತಿ ಎಲ್ಲಿ ಪಡೆದರು ಎಂದು ಸಂಕೋಚವಿಲ್ಲದೆ ಕೇಳಿ. ನಿಮ್ಮ ತಮ್ಮ, ಬದುಕು ಬೇಡವೆಂಬ ಮಾತಾಡಿದರೆ ಒಬ್ಬನನ್ನೇ ಬಿಡಬೇಡಿ. ಸಹಾಯವಾಣಿ ಟೆಲಿ ಮಾನಸ್ 14416 ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮಾತ್ರೆಯನ್ನು ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ.