ಬೆಲ್ಲದ ಕಡಾಯಿಯ ಬೆಸುಗೆ ಪರೀಕ್ಷೆ: ಕಲೆ ತಡವಾಗಿ ಮೂಡುವುದೇಕೆ?

ಚುಳಕಿ ನಾಲಾ ಮತ್ತು ಕಾರಂಜಾ ನೀರಿನ ಆಸರೆಯಲ್ಲಿ ಕಬ್ಬು ಬೆಳೆಯುವ ಬಸವಕಲ್ಯಾಣ, ಹುಮನಾಬಾದ ಭಾಗದಲ್ಲಿ ಗಾಣ ನಡೆಸುವವರಿಗೆ ಹಂಗಾಮಿನ ನಡುವೆ ಕಡಾಯಿ ಸೋರಿದರೆ ಒಲೆಗೆ ಬಿದ್ದ ರಸವಷ್ಟೇ ನಷ್ಟವಲ್ಲ. ಕಡಿದ ಕಬ್ಬನ್ನು 24 ಗಂಟೆಯೊಳಗೆ ಅರೆಯದಿದ್ದರೆ ಅದರ ಸಕ್ಕರೆ ಒಡೆಯತೊಡಗುತ್ತದೆ. ಅಂಥ ರಸದಿಂದ ಗಟ್ಟಿ ಬೆಲ್ಲ ಕಟ್ಟುವುದು ಕಷ್ಟ. ಆದ್ದರಿಂದ ಸ್ಟೇನ್‌ಲೆಸ್ ಸ್ಟೀಲಿನ ಕಡಾಯಿಗೆ ಬೆಸುಗೆ ಹಾಕಿಸಿದವರು ಅದನ್ನು ಒಲೆಗೆ ಏರಿಸುವ ಮೊದಲೇ ಪರೀಕ್ಷಿಸಿಕೊಳ್ಳಬೇಕು.

ಕಡಾಯಿಯನ್ನು ಇಟ್ಟಿಗೆಗಳ ಮೇಲೆ ಎತ್ತರಿಸಿರಿ. ಬೆಸುಗೆಯ ಹೊರಬದಿಗೆ ಸ್ಪಿರಿಟ್ಟಿನಲ್ಲಿ ಕಲಸಿದ ಸೀಮೆಸುಣ್ಣದ ಪುಡಿಯನ್ನು ತೆಳ್ಳಗೆ ಬಳಿದು ಒಣಗಿಸಿರಿ. ಒಳಬದಿಗೆ ಸೀಮೆಎಣ್ಣೆಯಲ್ಲಿ ತೊಯ್ದ ಬಟ್ಟೆಯ ಪಟ್ಟಿಯನ್ನು ಹಾಸಿರಿ. ಸುತ್ತಮುತ್ತ ಬೆಂಕಿ, ಬೀಡಿ ಇರಕೂಡದು. ರಂಧ್ರವಿದ್ದಲ್ಲಿ ಎಣ್ಣೆ ಹೊರಬಂದು ಬಿಳಿಯ ಮೇಲೆ ಕಲೆ ಮೂಡುತ್ತದೆ. ಕಾರ್ಖಾನೆಗಳಲ್ಲಿ ಬಳಸುವ ಕೆಂಪು ಬಣ್ಣದ ದ್ರವದ್ದೂ ಇದೇ ತತ್ವ: ದೀಪದ ಬತ್ತಿ ಎಣ್ಣೆ ಹೀರಿದಂತೆ.

ಹತ್ತು ನಿಮಿಷ ನೋಡಿ, ಕಲೆ ಕಾಣಲಿಲ್ಲವೆಂದು ಬೆಸುಗೆ ಸರಿಯಾಗಿದೆ ಎನ್ನುವುದು ಅವಸರದ ಮಾತು. ಕಲೆ ತಡವಾಗಲು ಮುಖ್ಯ ಕಾರಣ ನೀರು. ನಮ್ಮಲ್ಲಿ ಮೊದಲು ನೀರು ತುಂಬಿಸಿ ನೋಡಿ, ಆಮೇಲೆ ಎಣ್ಣೆ ಹಚ್ಚುವ ರೂಢಿಯಿದೆ. ಸೂಕ್ಷ್ಮ ರಂಧ್ರದಲ್ಲಿ ನಿಂತ ನೀರು ಎಣ್ಣೆಗೆ ಬಿರಡೆಯಾಗುತ್ತದೆ. ಎಣ್ಣೆಯ ಪರೀಕ್ಷೆ ಮೊದಲು, ನೀರಿನದು ನಂತರ. ಈಗಾಗಲೇ ನೀರು ಹಾಕಿದ್ದರೆ ಬೆಸುಗೆಯನ್ನು ಕೈಗೆ ಚೆನ್ನಾಗಿ ಬಿಸಿ ತಗಲುವಷ್ಟು ಕಾಯಿಸಿ ಒಣಗಿಸಿರಿ. ಪೂರ್ತಿ ತಣಿದ ಮೇಲೆಯೇ ಎಣ್ಣೆ ಮುಟ್ಟಿಸತಕ್ಕದ್ದು. ಹಳೆಯ ಕಡಾಯಿಯಾದರೆ ಸೀಕಲು ಬೆಲ್ಲ, ಮಸಿ ಬಿರುಕಿನ ಬಾಯಿ ಮುಚ್ಚಿರುತ್ತವೆ. ಸೋಡಾ ಹಾಕಿದ ಬಿಸಿನೀರಿನಿಂದ ಉಜ್ಜಿ ತೊಳೆದು ಒಣಗಿಸಬೇಕು. ಬ್ಲೀಚಿಂಗ್ ಪುಡಿ ಮಾತ್ರ ಬೇಡ. ಅದರ ಕ್ಲೋರಿನ್ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಗುಳಿ ಬೀಳಿಸುತ್ತದೆ.

ಬೆಸುಗೆ ನುಣುಪಾಗಿ ಹೊಳೆಯಲೆಂದು ಗ್ರೈಂಡರಿನಿಂದ ಬಹಳ ತಿಕ್ಕಿದರೂ ಲೋಹ ಸವರಿಕೊಂಡು ರಂಧ್ರದ ಬಾಯಿ ಮುಚ್ಚುತ್ತದೆ. ಆದಕಾರಣ ತಿಕ್ಕುವ ಮೊದಲೇ ಪರೀಕ್ಷೆ ಮಾಡಿಸಿರಿ. ಹೊಳಪಿನ ಬೆಸುಗೆಯೇ ಒಳ್ಳೆಯ ಬೆಸುಗೆ ಎಂದು ನಂಬುವವರಿಗೆ ಈ ಮಾತು ರುಚಿಸಲಾರದು.

ತಗಡಿನ ದಪ್ಪ ಎರಡರಷ್ಟಾದರೆ, ಅದೇ ಅಳತೆಯ ಸಣ್ಣ ರಂಧ್ರದಲ್ಲಿ ಎಣ್ಣೆ ದಾಟಲು ಸುಮಾರು ನಾಲ್ಕರಷ್ಟು ಹೊತ್ತು ಬೇಕು. ಚಳಿಯಲ್ಲಿ ಎಣ್ಣೆ ಮಂದವಾಗುವುದರಿಂದ ಇನ್ನೂ ನಿಧಾನ. ಗಾಣದ ಹಂಗಾಮು ಚಳಿಗಾಲದಲ್ಲೇ ಬರುವ ಕಾರಣ ಮುಂಜಾನೆಯ ಬದಲು ಮಧ್ಯಾಹ್ನ ಪರೀಕ್ಷಿಸುವುದು ಲೇಸು. 3 ಮಿಲಿಮೀಟರ್ ತಗಡಿಗೆ ಕನಿಷ್ಠ ಅರ್ಧ ಗಂಟೆ, ಚಳಿಯಿದ್ದರೆ ಒಂದು ಗಂಟೆ, ಪಟ್ಟಿ ಆರದಂತೆ ನೋಡಿಕೊಳ್ಳಿರಿ. ಡೀಸೆಲ್ ಸೀಮೆಎಣ್ಣೆಗಿಂತ ಮಂದ; ಅದನ್ನು ಬಳಸಿದರೆ ಇನ್ನೂ ಕಾಯಬೇಕು. ಸುಣ್ಣದ ಲೇಪ ದಪ್ಪವಾದರೂ ಸಣ್ಣ ಕಲೆ ಅಡಗಿಹೋಗುತ್ತದೆ.

ಕಲೆ ಕಂಡ ಜಾಗಕ್ಕೆ ಗುರುತು ಹಾಕಿ, ಬಿರುಕನ್ನು ಪೂರ್ತಿ ಕೊರೆದು ತೆಗೆಸಿ, ಎಣ್ಣೆಯ ಪಸೆ ಉಳಿಯದಂತೆ ಶುಚಿಮಾಡಿದ ಮೇಲೆಯೇ ಮರುಬೆಸುಗೆ ಹಾಕಿಸಿರಿ. ಪಸೆ ಉಳಿದರೆ ಹೊಸ ಬೆಸುಗೆಯಲ್ಲಿ ಗುಳ್ಳೆಗಳೇಳುತ್ತವೆ. ಸಾದಾ ಕಬ್ಬಿಣದ ಬೆಸುಗೆ ಕಡ್ಡಿಯನ್ನು ಒಪ್ಪಬೇಡಿ. ಆ ಜಾಗ ತುಕ್ಕು ಹಿಡಿಯುತ್ತದೆ. ಕೊನೆಗೆ ಸೋಡಾ ನೀರನ್ನು ಕಡಾಯಿಯಲ್ಲಿ ಕುದಿಸಿ ಚೆಲ್ಲಿ, ಎಣ್ಣೆಯ ವಾಸನೆ ಪೂರ್ತಿ ಹೋಗುವವರೆಗೆ ಶುದ್ಧ ನೀರಿನಿಂದ ತೊಳೆದ ನಂತರವೇ ರಸ ಹಾಕತಕ್ಕದ್ದು.