ಹಸಿರು ದ್ರಾವಕಗಳು ಮತ್ತು ಬ್ಯಾಟರಿ ಲೋಹಗಳ ಪುನರ್ಲಾಭ

ಬಳಸಿದ ಮಾತ್ರಕ್ಕೆ ಲೋಹವು ನಾಶವಾಗುವುದಿಲ್ಲ. ಕಟ್ಟಿಗೆ ಉರಿದು ಬೂದಿಯಾಗುತ್ತದೆ, ಎಣ್ಣೆ ಉರಿದು ಹೊಗೆಯಾಗುತ್ತದೆ. ಆದರೆ ಶಕ್ತಿಗುಂದಿದ ಲಿಥಿಯಂ-ಅಯಾನ್ ಬ್ಯಾಟರಿಯಲ್ಲಿ ಕೋಬಾಲ್ಟ್, ನಿಕ್ಕಲ್, ಲಿಥಿಯಂಗಳು ಹಾಗೆಯೇ ಉಳಿದಿರುತ್ತವೆ. ನೆಲಜಲಗಳಿಗೆ ಹಾನಿಯಾಗದಂತೆ ಅವನ್ನು ಮರಳಿ ಪಡೆಯುವ ಬಗೆ ಯಾವುದೆಂಬುದು ವಿಚಾರಾರ್ಹವಾದ ಪ್ರಶ್ನೆ.

ಈ ಬ್ಯಾಟರಿಯನ್ನು 1991ರಲ್ಲಿ ಜಪಾನಿನ ಸೋನಿ ಸಂಸ್ಥೆಯು ಮೊದಲಿಗೆ ಮಾರುಕಟ್ಟೆಗೆ ತಂದಿತು. ಅದಕ್ಕೆ ತಳಹದಿ ಹಾಕಿದ ಜಾನ್ ಗುಡ್‌ಇನಫ್, ಸ್ಟ್ಯಾನ್ಲಿ ವಿಟ್ಟಿಂಗ್‌ಹ್ಯಾಮ್ ಮತ್ತು ಅಕಿರಾ ಯೋಶಿನೊ ಅವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಿತು. ಇದರ ಋಣ ವಿದ್ಯುದ್ವಾರವು ತಾಮ್ರದ ಹಾಳೆಗೆ ಲೇಪಿಸಿದ ಗ್ರಾಫೈಟ್. ಧನ ವಿದ್ಯುದ್ವಾರವು ಅಲ್ಯೂಮಿನಿಯಂ ಹಾಳೆಗೆ ಲೇಪಿಸಿದ ಲಿಥಿಯಂ ಕೋಬಾಲ್ಟ್ ಆಕ್ಸೈಡ್ ಅಥವಾ ಅಂಥದೇ ಸಂಯುಕ್ತ.

ಜಗತ್ತಿನ ಗಣಿಗಳಿಂದ ಬರುವ ಕೋಬಾಲ್ಟ್‌ನಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ್ದು. ಅಲ್ಲಿನ ಕೈಗಣಿಗಳಲ್ಲಿ ಶಾಲೆಯಲ್ಲಿರಬೇಕಾದ ಮಕ್ಕಳೂ ದುಡಿಯುತ್ತಿರುವುದು ಜಗತ್ತಿಗೆ ತಿಳಿದ ಸಂಗತಿ. ನಮ್ಮ ಮಂಡ್ಯ ಜಿಲ್ಲೆಯ ಮರ್ಲಗಲ್ಲ ಪ್ರದೇಶದಲ್ಲಿ ಪರಮಾಣು ಖನಿಜ ನಿರ್ದೇಶನಾಲಯವು ಅಂದಾಜಿಸಿದ ಲಿಥಿಯಂ ಸಂಪತ್ತು 1,600 ಟನ್ನುಗಳಷ್ಟೇ. ಆದುದರಿಂದ ಹಳೆಯ ಬ್ಯಾಟರಿಯೇ ನಮಗೊಂದು ಗಣಿಯೆನ್ನಬೇಕು.

ಪ್ರಚಲಿತ ವಿಧಾನಗಳು ಎರಡು. ಮೊದಲನೆಯದು ಕುಲುಮೆಯಲ್ಲಿ ಸಾವಿರ ಡಿಗ್ರಿ ಸೆಂಟಿಗ್ರೇಡಿಗೂ ಮಿಗಿಲಾದ ಶಾಖದಲ್ಲಿ ಕರಗಿಸುವುದು. ಇದರಲ್ಲಿ ಕೋಬಾಲ್ಟ್, ನಿಕ್ಕಲ್‌ಗಳು ದೊರೆತರೂ ಲಿಥಿಯಂ ಕಿಟ್ಟದ ಪಾಲಾಗುತ್ತದೆ. ಎರಡನೆಯದು ಸಲ್ಫ್ಯೂರಿಕ್ ಆಮ್ಲ, ಹೈಡ್ರೋಜನ್ ಪೆರಾಕ್ಸೈಡ್‌ಗಳಲ್ಲಿ ಕರಗಿಸುವುದು. ಇಲ್ಲಿ ಆಮ್ಲಯುಕ್ತ ತ್ಯಾಜ್ಯಜಲದ ವಿಲೇವಾರಿಯೇ ದೊಡ್ಡ ಹೊರೆ.

ಮೂರನೆಯ ದಾರಿ ಹಸಿರು ದ್ರಾವಕಗಳದು. ಮಂಜುಗಡ್ಡೆಗೆ ಉಪ್ಪು ಬೆರೆಸಿದರೆ ಅದರ ಕರಗುವ ಬಿಂದು ಇಳಿಯುವುದನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳೂ ಬಲ್ಲರು. 2003ರಲ್ಲಿ ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದ ಆಂಡ್ರ್ಯೂ ಆಬಟ್ ಮತ್ತು ಸಂಗಡಿಗರು ಇದನ್ನು ಹೋಲುವ ಒಂದು ಸೋಜಿಗವನ್ನು ವರದಿಮಾಡಿದರು. 302 ಡಿಗ್ರಿಯಲ್ಲಿ ಕರಗುವ ಕೋಲೀನ್ ಕ್ಲೋರೈಡ್ ಒಂದು ಪಾಲು, 133 ಡಿಗ್ರಿಯಲ್ಲಿ ಕರಗುವ ಯೂರಿಯಾ ಎರಡು ಪಾಲು ಬೆರೆತಾಗ ಮಿಶ್ರಣದ ಕರಗುವ ಬಿಂದು 12 ಡಿಗ್ರಿಗೆ ಇಳಿಯಿತು. ಹೀಗೆ ಕೊಠಡಿಯ ಶಾಖದಲ್ಲೇ ದ್ರವವಾಗಿರುವ, ಸುಲಭವಾಗಿ ಆವಿಯಾಗದ ಇಂಥ ಮಿಶ್ರಣಗಳಿಗೆ ಆಳ ಯೂಟೆಕ್ಟಿಕ್ ದ್ರಾವಕಗಳೆಂದು ಹೆಸರು.

2019ರಲ್ಲಿ ಅಮೆರಿಕದ ರೈಸ್ ವಿಶ್ವವಿದ್ಯಾಲಯದಲ್ಲಿ ಪುಲಿಕ್ಕಲ್ ಅಜಯನ್ ಅವರ ತಂಡವು ಕೋಲೀನ್ ಕ್ಲೋರೈಡ್ ಮತ್ತು ಎಥಿಲೀನ್ ಗ್ಲೈಕಾಲ್‌ಗಳ ಮಿಶ್ರಣದಿಂದ ಧನ ವಿದ್ಯುದ್ವಾರದ ಕೋಬಾಲ್ಟ್‌ನಲ್ಲಿ ಶೇಕಡಾ 90ಕ್ಕೂ ಹೆಚ್ಚನ್ನು ಕರಗಿಸಿ ತೋರಿಸಿತು. ಆಕ್ಸೈಡಿನಲ್ಲಿ ಬಿಗಿಯಾಗಿ ಕುಳಿತ ತ್ರಿವೇಲೆನ್ಸಿಯ ಕೋಬಾಲ್ಟ್ ಅಪಕರ್ಷಣೆಗೊಂಡು ದ್ವಿವೇಲೆನ್ಸಿಗೆ ಇಳಿಯುತ್ತದೆ. ಕ್ಲೋರೈಡ್ ಅಯಾನುಗಳು ಅದನ್ನು ಸುತ್ತುವರಿದು ದ್ರಾವಣಕ್ಕೆ ಎಳೆದುಕೊಳ್ಳುತ್ತವೆ. ಬಳಿಕ ವಿದ್ಯುತ್ ಹಾಯಿಸಿ ಕೋಬಾಲ್ಟನ್ನು ಬೇರ್ಪಡಿಸಿ, ದ್ರಾವಕವನ್ನು ಮತ್ತೆ ಬಳಸಬಹುದು.

ಆದರೆ 'ಹಸಿರು' ಎಂಬ ಹೆಸರು ಇಟ್ಟೊಡನೆ ವಸ್ತುವು ನಿರ್ದೋಷಿಯಾಗದು. ಕೋಲೀನ್ ಕ್ಲೋರೈಡ್ ಕೋಳಿಯ ಆಹಾರಕ್ಕೂ ಸೇರುವ ಪದಾರ್ಥ; ಎಥಿಲೀನ್ ಗ್ಲೈಕಾಲ್ ಆದರೋ ಹೊಟ್ಟೆಗೆ ಹೋದರೆ ವಿಷ. ಮೇಲಿನ ಪ್ರಯೋಗಕ್ಕೆ ಸುಮಾರು 180 ಡಿಗ್ರಿಗೂ ಮೇಲ್ಪಟ್ಟ ಶಾಖ, ಬಹಳ ಹೊತ್ತಿನ ಕಾಯುವಿಕೆ ಬೇಕಾಯಿತು. ಅಷ್ಟು ಶಾಖದಲ್ಲಿ ದ್ರಾವಕವೇ ಕ್ರಮೇಣ ವಿಘಟನೆ ಹೊಂದುತ್ತದೆ. ಆದುದರಿಂದ ದ್ರಾವಕದ ತಯಾರಿಕೆ, ತಗಲುವ ಶಾಖ, ಮರುಬಳಕೆಯ ಸಂಖ್ಯೆ, ಕೊನೆಯ ತ್ಯಾಜ್ಯ ಇವೆಲ್ಲವನ್ನೂ ತೂಗಿದ ಮೇಲೆಯೇ ಅದು ಹಸಿರೋ ಅಲ್ಲವೋ ನಿರ್ಣಯಿಸತಕ್ಕದ್ದು.

ಈ ತೂಕದಲ್ಲಿ ನಿಂಬೆಹುಳಿಯ ಸಿಟ್ರಿಕ್ ಆಮ್ಲವು ಆಶಾದಾಯಕವಾಗಿದೆ. 2010ರಲ್ಲಿ ಪ್ರಕಟವಾದ ಚೀನೀ ಅಧ್ಯಯನವೊಂದರಲ್ಲಿ ಅದು ಸ್ವಲ್ಪ ಹೈಡ್ರೋಜನ್ ಪೆರಾಕ್ಸೈಡಿನೊಡನೆ 90 ಡಿಗ್ರಿಯಲ್ಲಿ, ಅರ್ಧ ಗಂಟೆಯಲ್ಲಿ, ಲಿಥಿಯಂ ಬಹುತೇಕ ಪೂರ್ಣವಾಗಿಯೂ ಕೋಬಾಲ್ಟ್ ಶೇಕಡಾ 90ಕ್ಕೂ ಹೆಚ್ಚಾಗಿಯೂ ಕರಗುವಂತೆ ಮಾಡಿತು.

ಭಾರತದಲ್ಲಿ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿಗಳ ಸಂಗ್ರಹಣೆ ಮತ್ತು ಸಂಸ್ಕರಣೆಯ ಹೊಣೆಯನ್ನು ಉತ್ಪಾದಕರ ಮೇಲಿರಿಸಿವೆ. ಆದರೆ ಕಸದ ತಿಪ್ಪೆ ಸೇರಿದ ಕೋಶದಿಂದ ಯಾವ ದ್ರಾವಕವೂ ಲೋಹವನ್ನು ಹೊರತೆಗೆಯಲಾರದು. ಅಲ್ಲಿ ಅದು ಜಜ್ಜಿ ಬೆಂಕಿಯಾದರೆ ಮೊದಲು ನೋಯುವವನು ಕಸ ಆಯುವ ಬಡವ. ಉಬ್ಬಿದ ಕೋಶವನ್ನು ಚುಚ್ಚಬಾರದು, ಸುಡಬಾರದು, ಸಂಗ್ರಹಣಾ ಕೇಂದ್ರಕ್ಕೇ ಒಪ್ಪಿಸಬೇಕು ಎಂಬ ಪಾಠವನ್ನು ಪ್ರತಿ ಶಾಲೆಯೂ ಕಲಿಸಬಹುದು. ಪುನರ್ಲಾಭದ ಮೊದಲ ಹೆಜ್ಜೆ ಅದೇ.